ವರ್ಲಿನ್ ಮತ್ತೆ ಸವಾಲು ಕೂಗಿದ್ದು

ಅಯೋವಾದ ನಮ್ಮೂರಲ್ಲಿ ಹರಾಜು ಕೂಗುವುದರಲ್ಲಿ ವರ್ಲಿನ್ ಎತ್ತಿದ ಕೈ. ಹಸು, ಟ್ರ್ಯಾಕ್ಟರ್, ಸತ್ತವರ ಮನೆಯ ಕುರ್ಚಿ, ಏನಿದ್ದರೂ ಅವನೇ ಕೂಗಬೇಕು. ಹೋದ ಚಳಿಗಾಲ ಲಕ್ವ ಹೊಡೆದು ಬಲಗೈ ಬಿತ್ತು, ಮಾತೂ ನಿಂತಿತು. ನೀರು ಬೇಕಾದರೆ ನೀರು ಅನ್ನಲು ಬಾರದು, ಹೆಂಡತಿಯ ಹೆಸರೂ ಬಾರದು.

ಆದರೆ ಚಿಕ್ಕಂದಿನಿಂದ ನಾಲಗೆಗೆ ಅಂಟಿದ ನುಡಿಗಟ್ಟುಗಳು ಮಾತ್ರ ಇಡಿಯಾಗಿ ಉದುರುತ್ತಿದ್ದವು, ಅದರಲ್ಲೂ 'ಕೈ' ಸೇರಿದವು. ಇಂಗ್ಲಿಷಿನಲ್ಲಿ ಅದಕ್ಕೇನು ಬರವೇ? ಪಳಗಿದವನು 'ಹಳೇ ಕೈ', ಅಂದಂದಿನ ದುಡಿಮೆ ಅಂದಂದಿಗೇ ಸರಿಹೋದರೆ ಅದು 'ಕೈಯಿಂದ ಬಾಯಿಗೆ' ಬದುಕು, ಸಲೀಸಾಗಿ ಗೆದ್ದವನು 'ಕೈ ಇಳಿಬಿಟ್ಟು' ಗೆದ್ದವನು. 'ಕೈ ಕೊಡಿ' ಅಂದರೆ ನೆರವಾಗಿ ಅಂತ. ಕನ್ನಡದಲ್ಲಿ ನಾವು ಕೈ ಕೊಟ್ಟವನಿಗೆ ಶಾಪ ಹಾಕುತ್ತೇವೆ, ಅದು ಬೇರೆ ಮಾತು.

ವರ್ಷಾವರ್ಷ ಅಗ್ನಿಶಾಮಕ ಠಾಣೆಯ ಸಹಾಯಕ್ಕೆ ಪೈ ಹರಾಜು ನಡೆಯುತ್ತದೆ; ಪೈ ಅಂದರೆ ಹಣ್ಣು ತುಂಬಿ ಬೇಯಿಸಿದ ಸಿಹಿತಿನಿಸು, ಊರಿನ ಹೆಂಗಸರೇ ಮಾಡಿ ಕೊಡುತ್ತಾರೆ. ಈ ಸಲ ಠಾಣೆಯ ಮುಖ್ಯಸ್ಥ ಲಾರೆನ್ ಹೊರಗಿನವನೊಬ್ಬನನ್ನು ಕರೆಸಲು ಹೊರಟ. ವರ್ಲಿನ್‌ನ ಹೆಂಡತಿ ಆರ್ಡಿತ್ ಹರಿಹಾಯ್ದಳು.

"ಊರೆದುರು ನಗೆಪಾಟಲಾಗ್ತಾನೆ ಕಣಮ್ಮಾ. ಪೈ ಹೆಸರು ಹೇಳಕ್ಕೂ ಬರಲ್ಲ!" ಅಂದ ಲಾರೆನ್.

"ಜನಕ್ಕೇನು ಕಣ್ಣಿಲ್ವಾ? ಎತ್ತಿ ತೋರ್ಸಕ್ಕೆ ನಾನಿದೀನಿ. ಈ ಸಲ ಕೂಗದಿದ್ರೆ ನನ್ ಗಂಡ ಇನ್ಯಾವತ್ತೂ ಬಾಯಿ ಬಿಡಲ್ಲ."

ಲಾರೆನ್ ಅವನತ್ತ ತಿರುಗಿದ. "ಏನಯ್ಯಾ, ಆಗುತ್ತಾ?"

"ಹಳೇ ಕೈ," ಅಂದ ವರ್ಲಿನ್.

ಹರಾಜಿನ ದಿನ ವೇದಿಕೆ ಹತ್ತಿದವನು "ಇದು... ಇದು..." ಎಂದು ತೊದಲಿದ. ಜನ ತಲೆ ತಗ್ಗಿಸಿದರು. ಆರ್ಡಿತ್ ಪೈ ಎತ್ತಿ ಹಿಡಿದು "ಹತ್ತು ಡಾಲರ್!" ಎಂದು ತಾನೇ ಕೂಗಿದಳು. ಅಂಕಿ ಕಿವಿಗೆ ಬಿದ್ದದ್ದೇ ತಡ, "ಹತ್ತು ಹತ್ತು, ಹನ್ನೆರಡು ಯಾರು, ಹನ್ನೆರಡು, ಹದಿನೈದು ಯಾರು!" ಕಟ್ಟೆ ಒಡೆದ ಹಾಗೆ ಹಳೆಯ ದನಿ ನುಗ್ಗಿಬಂತು. ಪೈಗಳು ಒಂದರ ಹಿಂದೊಂದು ಖಾಲಿಯಾದವು.

ನಮ್ಮೂರ ಹರಾಜಿನಲ್ಲಿ ಮೂಗು ತುರಿಸಿಕೊಂಡರೂ ಸವಾಲೇ ಲೆಕ್ಕ, ಅದಕ್ಕೇ ಎಲ್ಲರೂ ಕೈಕಟ್ಟಿ ಕೂರುತ್ತಾರೆ. ಕೊನೆಯ ಪೈ ಆರ್ಡಿತ್‌ಳದು. ಅವಳು ಅದನ್ನು ಎತ್ತಿ ಹಿಡಿದಾಗ ಜನ ಎಲ್ಲ ಮರೆತು ಎದ್ದು ನಿಂತು, ಕೈಯೆತ್ತಿ ಚಪ್ಪಾಳೆ ತಟ್ಟಿದರು. ವರ್ಲಿನ್ ಬಿಡುತ್ತಾನೆಯೇ? "ಇಪ್ಪತ್ತು! ಅಲ್ಲಿ ಮೂವತ್ತು! ಹಿಂದೆ ನಲವತ್ತು!" ಲಾರೆನ್ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ. ವರ್ಲಿನ್‌ನ ಎಡಗೈ ಸರ್ರನೆ ಅವನತ್ತ ಹೋಯಿತು.

"ಐವತ್ತು! ಆಯ್ತು, ಮಾರಾಟ! ಲಾರೆನ್!"

ಲಕ್ವ ಹೊಡೆದ ಮೇಲೆ ಅವನ ಬಾಯಿಂದ ಬಂದ ಮೊದಲ ಹೆಸರದು. ಆರ್ಡಿತ್ ಅಳುತ್ತ ನಗುತ್ತ ಪೈ ಹಿಡಿದು ಕೆಳಗಿಳಿದಳು.

"ಕಟ್ಕೊಂಡವಳ ಹೆಸರು ಬಿಟ್ಟು ನಿನ್ನ ಹೆಸರು ಕೂಗಿದಾನಲ್ಲೋ, ತೆಗಿ ದುಡ್ಡು!"