ಬಾಯಿಲ್ಲದ ಲಿವರ್

ಔಷಧಿ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಇಲಿ ಸಾಕಿದವನನ್ನು ಎಲ್ಲರೂ ಇಲಿಮಾಮ ಎನ್ನುತ್ತಿದ್ದರು. ಈಗ ಇಲಿಗಳ ಬದಲು, ಮನುಷ್ಯರ ಜೀವಕೋಶಗಳಿಂದ ತಟ್ಟೆಯಲ್ಲಿ ಬೆಳೆಸಿದ ಸಾಸಿವೆಗಾತ್ರದ ಲಿವರ್ ಚೂರುಗಳು ಬಂದಿದ್ದವು. ಅವುಗಳ ಮೇಲೆ ಅವನಿಗೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ.

"ಬಾಯಿಲ್ಲ, ಬಾಲ ಇಲ್ಲ, ಇದೇನು ಸಾಕ್ಷಿ ಹೇಳುತ್ತೆ ಮೇಡಂ? ನಾನು ದಿನಾ ನುಂಗೋ ಮಂಡಿನೋವಿನ ಮಾತ್ರೆ ಹಾಕಿ ನೋಡಿ. ಅದನ್ನ ತಿಂದೂ ನನ್ನ ಇಲಿಗಳು ಗುಂಡುಕಲ್ಲಿನ ಹಾಗಿದ್ವು. ಪಂಜರದ ಚೀಟಿ ಮೇಲೆ 'ಕ್ಷೇಮ' ಅಂತ ನಾನೇ ಬರೆದಿದ್ದೆ."

ವಿಜ್ಞಾನಿ ಮೇಡಂ ನಕ್ಕು, ಹಾಕಿ ನೋಡಿದರು. ವಾರದೊಳಗೆ ಚೂರುಗಳೆಲ್ಲ ಸತ್ತವು.

"ತಟ್ಟೆ ಸುಳ್ಳು ಹೇಳ್ತಿದೆ," ಎಂದು ಗೊಣಗುತ್ತಲೇ ಇಲಿಮಾಮ ಮನೆಗೆ ಹೋದ.

ಊಟ ಮುಗಿಸಿ ಮಾತ್ರೆಯನ್ನು ತುಟಿಯವರೆಗೆ ತಂದವನ ಕೈ ಅಲ್ಲೇ ನಿಂತಿತು.

"ಕಳ್ಳ ಮುಂಡೇವಾ," ಎಂದ, ಮೂವತ್ತು ವರ್ಷ ತಾನು ಸಾಕಿದ ಇಲಿಗಳನ್ನು ನೆನೆದು. "ನನಗಾದ್ರೂ ನಿಜ ಹೇಳ್ಬಾರ್ದಿತ್ತಾ?"