ಕಪ್ಪು ಕನ್ನಡಕದ ನೀರುನಾಯಿ ಮತ್ತು ನಮ್ಮ ಮಾವ

ಮೊನ್ನೆ ಶಿರಸಿ ಪೇಟೆಯಲ್ಲಿ ಕೊಡೆ ರಿಪೇರಿಗೆಂದು ಹೋದವಳು ಪಕ್ಕದ ಚೀಲದ ಅಂಗಡಿಯ ಮುಂದೆ ನಿಂತುಬಿಟ್ಟೆ. ಶಾಲೆ ಶುರುವಾಗುವ ದಿನಗಳು ನೋಡಿ, ಅಂಗಡಿಯ ತುಂಬ ಮಕ್ಕಳ ಪಾಟೀಚೀಲ ನೇತಾಡುತ್ತಿದ್ದವು. ಅದರಲ್ಲೊಂದರ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡ ನೀರುನಾಯಿಯೊಂದು ಕೋಟಿನ ಕಾಲರು ಎತ್ತಿ ನನ್ನನ್ನೇ ನೋಡುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಬನವಾಸಿ ಕಡೆಯ ಅಂಗಡಿಯವನು, "ಯಾಕ್ರೀ ಅಕ್ಕಾರ, ಒಬ್ಬರ ನಗಾಕತ್ತೀರಿ? ಒಳಗ ಬರ್ರಿ, ಮೊಮ್ಮಗಳಿಗೊಂದು ತಗೊಂಡು ಹೋಗ್ರಿ" ಅಂದ. ಮೊಮ್ಮಗಳು ಅಂದ ಕೂಡಲೇ ನನ್ನ ನಗು ನಿಂತಿತು. ನನಗಿನ್ನೂ ಐವತ್ತು ತುಂಬಿಲ್ಲ ಸ್ವಾಮಿ.

ಆ ನೀರುನಾಯಿ ನಮ್ಮ ಮನೆಗೆ ಹಳೆಯ ನೆಂಟ. ಹನ್ನೆರಡು ವರ್ಷದ ಹಿಂದೆ, ಮಗಳು ಅದಿತಿ ಎರಡನೆಯ ಇಯತ್ತೆಯಲ್ಲಿದ್ದಾಗ, ದಿನಾ ಸಂಜೆ ಐದಕ್ಕೆ ಟಿವಿಯಲ್ಲಿ ಬರುತ್ತಿತ್ತು. ಪ್ರಾಣಿಗಳೆಲ್ಲ ಸೇರಿ ಗೂಢಚಾರರಾಗಿರುವ ಕಾರ್ಟೂನು. ನೀರುನಾಯಿ ಮುಖ್ಯ ಬೇಹುಗಾರ, ಮುಳ್ಳುಹಂದಿ ಅದರ ಜೊತೆಗಾರ, ಸದಾ ಕಿರುಚುವ ಒಂದು ಹೆಬ್ಬಾತು ಇವರ ಸಾಹೇಬ. ಲೋಕವನ್ನೇ ಗೆಲ್ಲಲು ಹೊರಟ ಆಮೆಯೊಂದು ಖಳನಾಯಕ. ಆಮೆ ಲೋಕ ಗೆಲ್ಲುವುದು ಯಾವ ಕಾಲಕ್ಕೆ ಎಂದು ನಾನು ಕೇಳಿದರೆ ಮಗಳು ಮಾತಾಡಬೇಡ ಎಂದು ಬೆರಳು ತೋರಿಸುತ್ತಿದ್ದಳು.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ನಮ್ಮ ಕಡೆ ಹೇಳುವಂತೆ ಅಕ್ಕೋರು. ಹಾಸ್ಯರಸದ ಬಗ್ಗೆ ಪ್ರಬಂಧ ಬರೆದು, ನಗು ಹುಟ್ಟುವುದಕ್ಕೆ ಎಂಟು ಕಾರಣಗಳನ್ನು ಪಟ್ಟಿ ಮಾಡಿ, ಒಂದು ಸಭೆಯಲ್ಲಿ ಓದಿದವಳು. ಆ ಸಭೆಯಲ್ಲಿ ಒಬ್ಬರೂ ನಗಲಿಲ್ಲ, ಇಬ್ಬರು ನಿದ್ದೆ ಮಾಡಿದರು. ಅಂಥವಳಿಗೆ ಬಾಗಿಲ ಹಿಂದೆ ಸಿಕ್ಕಿ ಹಪ್ಪಳವಾಗುವ ಮುಳ್ಳುಹಂದಿ ಹಿಡಿಸೀತೇ? ಟಿವಿ ಆರಿಸಲು ನೆಪ ಹುಡುಕುತ್ತಿದ್ದೆ. ಅಷ್ಟರಲ್ಲಿ ಮಾವ ಬಂದ.

ಮಾವ ಅಂದರೆ ನನ್ನ ಅಮ್ಮನ ಅಣ್ಣ. ಯಲ್ಲಾಪುರದ ದನದ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದು ನಿವೃತ್ತನಾಗಿ ಇಡಗುಂದಿಯಲ್ಲಿ ಮನೆ ಮಾಡಿಕೊಂಡಿದ್ದ. ಅದು ಹೊಟ್ಟೆಪಾಡು. ಜೀವ ಇದ್ದದ್ದು ಯಕ್ಷಗಾನದಲ್ಲಿ. ನಲವತ್ತು ವರ್ಷ ಊರೂರಿನ ಆಟಗಳಲ್ಲಿ ಹಾಸ್ಯಗಾರನಾಗಿದ್ದವನು. ರಾಜನ ಎದುರು ಓಡಿ ಬಂದು ಸುದ್ದಿ ಹೇಳುವ ಚಾರನ ವೇಷ ಅವನದೇ. ಕಣ್ಣಿನ ಪೊರೆ ತೆಗೆಸಲು ಶಿರಸಿಗೆ ಬಂದವನು ಹದಿನೈದು ದಿನ ನಮ್ಮ ಮನೆಯಲ್ಲಿ ಉಳಿದ. ಟಿವಿ ನೋಡಬಾರದು ಎಂದು ಡಾಕ್ಟರು ಹೇಳಿದ್ದರು. ನನಗೆ ಒಳ್ಳೆಯ ನೆಪವೇ ಸಿಕ್ಕಿತು. ಆರಿಸಲು ಎದ್ದರೆ ಮಂಚದಿಂದ ಮಾವನ ದನಿ:

"ಅಕ್ಕೋರೆ, ಡಾಕ್ಟ್ರು ಪಟ್ಟಿ ಹಾಕಿದ್ದು ಕಣ್ಣಿಗೆ, ಕಿವಿಗೆ ಅಲ್ಲ. ಇರ್ಲಿ ಬಿಡು."

ಕಣ್ಣು ಮುಚ್ಚಿ ಮಲಗಿಯೇ ಕೇಳಿಸಿಕೊಂಡ. ಸ್ವಲ್ಪ ಹೊತ್ತಿಗೆ, "ಕೂಸೆ, ಈಗ ಬಾಗ್ಲು ಧಡಾರ್ ಹೇಳಿ ತೆಗೀತು. ಹಿಂದೆ ನಿಂತದ್ದು ಗೋಡೆಗೆ ಅಂಟ್ತು ನೋಡು" ಎಂದ. ಬಾಗಿಲು ತೆಗೆಯಿತು, ಮುಳ್ಳುಹಂದಿ ಗೋಡೆಗೆ ಅಂಟಿತು. ಅದಿತಿ ಬಾಯಿ ಬಿಟ್ಟಳು.

"ಅಜ್ಜಾ, ನಿಂಗೆ ಹ್ಯಾಂಗೆ ಗೊತ್ತಾತು? ಮೊದ್ಲೇ ನೋಡಿದ್ಯಾ?"

"ನೋಡಿದ್ನಿಲ್ಲೆ ತಂಗಿ. ಮಾಡಿದ್ದೆ."

ಅಲ್ಲಿಂದ ಶುರುವಾಯಿತು ನೋಡಿ. ದಿನಾ ಐದಕ್ಕೆ ಇಬ್ಬರೂ ಹಾಜರು. ಮಾವ ಬರೀ ಸದ್ದು ಕೇಳಿ ಮುಂದಾಗುವುದನ್ನು ಹೇಳುವುದು, ಅದಿತಿ ಟಿವಿಯಲ್ಲಿ ತಾಳೆ ನೋಡುವುದು. ನೀರುನಾಯಿಯ ಹೊಸ ಯಂತ್ರ ಮೊದಲ ಸಲ ಕೆಟ್ಟಿತು, ಎರಡನೆಯ ಸಲವೂ ಕೆಟ್ಟಿತು. "ಮೂರ್ನೇ ಸಲ ಸರಿಯಾಗ್ತು. ಆದ್ರೆ ಬ್ಯಾಡದ ಹೊತ್ತಿಗೆ" ಎಂದ ಮಾವ. ಹಾಗೇ ಆಯಿತು. ಬಟ್ಟೆ ಒಣಗಿಸುವ ನೆಪದಲ್ಲಿ ಸುತ್ತಮುತ್ತ ಸುಳಿಯುತ್ತಿದ್ದ ನಾನು ಒಂದು ದಿನ ಕೇಳಿಯೇಬಿಟ್ಟೆ: ಮುಳ್ಳುಹಂದಿ ಸೀರೆ ಉಟ್ಟುಕೊಂಡು ಆಮೆಯ ಕೋಟೆಗೆ ಹೋಗುತ್ತದೆ, ಸೀರೆಯಿಂದ ಮುಳ್ಳೆಲ್ಲ ಹೊರಗೆ ಬಂದಿದ್ದರೂ ಯಾರಿಗೂ ಗುರುತು ಸಿಗುವುದಿಲ್ಲ, ಇದೆಂಥ ನಗೆ ಮಾವ?

"ಆನು ಹೆಣ್ಣು ವೇಷ ಹಾಕಿದಾಗ ಮೀಸೆ ತೆಗೀತಿದ್ನಿಲ್ಲೆ. ಜನಕ್ಕೆಲ್ಲ ಮೀಸೆ ಕಾಣ್ತು, ರಾಜಂಗೊಬ್ಬಂಗೆ ಕಾಣ್ತಿಲ್ಲೆ. ರಾಜಂಗಿಂತ ಆನೇ ಹುಷಾರಿ ಹೇಳಿ ಹಿಂದೆ ಕೂತವಂಗೂ ಅನ್ನಿಸ್ತು. ನಿನ್ನ ಎಂಟು ಕಾರಣದಲ್ಲಿ ಇದು ಇದ್ದ?"

ಇರಲಿಲ್ಲ.

ಆಮೆಯ ಮೇಲೆ ಮಾತ್ರ ಮಾವನಿಗೆ ಬಹಳ ಪ್ರೀತಿ. ನೀರುನಾಯಿಯನ್ನು ಹಿಡಿದು ಕಂಬಕ್ಕೆ ಕಟ್ಟಿದ ಮೇಲೆ ಆಮೆ ಅದನ್ನು ಕೊಲ್ಲುವುದು ಬಿಟ್ಟು ತನ್ನ ಯೋಜನೆಯನ್ನೆಲ್ಲ ವಿವರವಾಗಿ ಹೇಳುತ್ತ ನಿಲ್ಲುತ್ತದೆ. ಅಷ್ಟರಲ್ಲಿ ಇತ್ತ ಹಗ್ಗ ಬಿಚ್ಚಿಹೋಗಿರುತ್ತದೆ. "ಇದು ಯಂಗ್ಳ ತಾಳಮದ್ದಲೆ ಅರ್ಥಧಾರಿ! ಯುದ್ಧ ಬಿಟ್ಟಿಕ್ಕಿ ಅರ್ಥ ಹೇಳ್ತಾ ಇದ್ದು" ಎಂದು, ವೇಷವಿಲ್ಲದೆ ಕೂತಲ್ಲೇ ಬರೀ ಮಾತಿನಲ್ಲಿ ಆಟ ನಡೆಸುವವರನ್ನು ನೆನೆದು, ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. ಜೋರಾಗಿ ನಗಬಾರದು, ಕಣ್ಣಿಗೆ ಆಗದು ಎಂದು ನಾನು ಗದರಿದೆ. ಹೆಬ್ಬಾತಿನ ದನಿಯೂ ನನ್ನ ದನಿಯೂ ಒಂದೇ ಎಂದು ಇಬ್ಬರೂ ಸೇರಿ ತೀರ್ಮಾನಿಸಿದರು. ಹಾಗೆಂದು ಎಲ್ಲವನ್ನೂ ಒಪ್ಪುವ ಗಿರಾಕಿಯಲ್ಲ ಮಾವ. ಮುಳ್ಳುಹಂದಿ ಬಾಣದಂತೆ ಮುಳ್ಳು ಹಾರಿಸಿತು ಎಂದು ಅದಿತಿ ಹೇಳಿದ ದಿನ ಕಂಪೌಂಡರ್ ಎದ್ದು ಕೂತ. ಮುಳ್ಳು ಹಾರುವುದೇ ಇಲ್ಲ, ತಾಗಿದರೆ ಕಳಚಿಕೊಳ್ಳುತ್ತದೆ, ನಾಯಿಗಳ ಮೂತಿಯಿಂದ ಎಷ್ಟು ಕಿತ್ತಿದ್ದೇನೆ ಎಂದು ಅರ್ಧ ಗಂಟೆ ಪಾಠ ಮಾಡಿದ.

ಇಷ್ಟೆಲ್ಲ ಸಡಗರದ ನಡುವೆ ನಾನು ಒಂದು ಮಾತು ಆಡಬಾರದಿತ್ತು. "ಮಾವ, ಈ ವರ್ಷ ನಿನ್ನ ಆಟ ಎಲ್ಲೆಲ್ಲಿ?" ಅಂದೆ. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಇಡಗುಂದಿಗೆ ಫೋನು ಮಾಡಿದಾಗ ಅತ್ತೆ, ಅಂದರೆ ಅವನ ಹೆಂಡತಿ, ಹೇಳಿದರು: ವೇಷ ಕಟ್ಟದೆ ಎರಡು ವರ್ಷವಾಯಿತು, ಯಾರು ಕರೆದರೂ ಹೋಗುವುದಿಲ್ಲ, ಮನೆಯಲ್ಲೂ ತಮಾಷೆ ಮಾತು ನಿಂತಿದೆ.

ಆದದ್ದು ಇಷ್ಟು. ಹಾಸ್ಯಗಾರನಿಗೆ ಒಂದು ಪದ್ಧತಿ ಇದೆ. ಆಟದ ದಿನ ಮಧ್ಯಾಹ್ನವೇ ಆ ಊರಿಗೆ ಹೋಗಿ, ಚಾ ಅಂಗಡಿಯಲ್ಲಿ ಕೂತು, ಯಾರ ಎಮ್ಮೆ ಯಾರ ಗದ್ದೆಗೆ ನುಗ್ಗಿತು, ಯಾರು ಹೊಸ ಹಲ್ಲು ಕಟ್ಟಿಸಿದರು ಎಂದೆಲ್ಲ ಸುದ್ದಿ ಸಂಗ್ರಹಿಸಬೇಕು. ಅದನ್ನೇ ಆಟದಲ್ಲಿ ರಾಜನ ಮುಂದೆ ಬಿಟ್ಟರೆ ಊರಿಗೆ ಊರೇ ನಗುತ್ತದೆ. ಸಿದ್ದಾಪುರದ ತ್ಯಾಗಲಿಯಲ್ಲಿ ಆಟವಿದ್ದ ದಿನ ಮಾವನ ಬಸ್ಸು ದಾರಿಯಲ್ಲಿ ಕೆಟ್ಟಿತು. ನೇರ ಹೋಗಿ ಬಣ್ಣಕ್ಕೆ ಕೂತ. ಸುದ್ದಿ ಸಂಗ್ರಹವಿಲ್ಲ. ಹೋದ ವರ್ಷದ ಸುದ್ದಿಯೇ ಸಾಕು ಅಂದುಕೊಂಡ. ಆ ಊರಿನಲ್ಲಿ ತಿಮ್ಮಣ್ಣ ಅಂತ ಒಬ್ಬ, ದಿಂಬು ತಂದು ಎದುರಿನ ಸಾಲಿನಲ್ಲೇ ಮಲಗಿ, ಹಾಸ್ಯಗಾರ ಬಂದಾಗ ಮಾತ್ರ ಏಳುವವನು. ಮಾವ ರಂಗಕ್ಕೆ ಓಡಿ ಬಂದು, "ಮಹಾರಾಜಾ, ಕೆಟ್ಟೆವು! ರಾಜ್ಯಕ್ಕೆ ಕಾವಲೇ ಇಲ್ಲ! ತಿಮ್ಮಣ್ಣ ದಿಂಬು ತಗಂಡು ಎಲ್ಲಿಗೆ ಹೋದ?" ಎಂದು ಕೂಗಿದ. ಯಾರೂ ನಗಲಿಲ್ಲ. ತಿಮ್ಮಣ್ಣ ತೀರಿಕೊಂಡು ಎರಡು ತಿಂಗಳಾಗಿತ್ತು. ಅವನ ಹೆಂಡತಿ ಗೌರಕ್ಕ ಎದುರಿನ ಸಾಲಿನಲ್ಲೇ ಕೂತಿದ್ದರು. ಭಾಗವತರು ತಟ್ಟನೆ ಮುಂದಿನ ಪದ ಎತ್ತಿಕೊಂಡು ಮಾನ ಉಳಿಸಿದರು. ಮಾವ ಚೌಕಿಗೆ, ಅಂದರೆ ವೇಷ ಕಟ್ಟುವ ಕೋಣೆಗೆ, ಹೋಗಿ ಬಣ್ಣ ಒರೆಸಿದವನು ಮತ್ತೆ ಹಚ್ಚಲಿಲ್ಲ. ನನಗೆ ಸಂಕಟವಾಯಿತು. ನಗಿಸುವುದನ್ನೇ ಉಸಿರಾಗಿಸಿಕೊಂಡವನು ಒಂದು ಹೆಂಗಸಿನ ದುಃಖಕ್ಕೆ ಖಾರ ಹಚ್ಚಿದೆನಲ್ಲ ಎಂದು ಒಳಗೇ ಬೇಯುತ್ತಿದ್ದ.

ನಾನು ಸಮಾಧಾನದ ಮಾತುಗಳನ್ನು ಹೊಂದಿಸಿಕೊಳ್ಳುತ್ತಿದ್ದೆ. ಅಕ್ಕೋರಲ್ಲವೇ, ಪೀಠಿಕೆಯಿಲ್ಲದೆ ಮಾತು ಹೊರಡುವುದಿಲ್ಲ. ಅಷ್ಟರೊಳಗೆ ಅದಿತಿಯೇ ಕೆಲಸ ಮುಗಿಸಿದಳು. ಅವತ್ತು ನೀರುನಾಯಿ ಖಳನ ಬದಲು ತನ್ನ ಸಾಹೇಬನನ್ನೇ ಬಲೆಗೆ ಕೆಡವಿತ್ತು. ಹೆಬ್ಬಾತು ಅದರ ಬಿಲ್ಲೆ ಕಿತ್ತುಕೊಂಡು ತೊಲಗು ಎಂದು ಕಿರುಚಿತು.

"ಹೋತು, ಅದರ ಕೆಲಸ ಹೋತು" ಎಂದ ಮಾವ, ತನ್ನದೇ ಹೋದವನಂತೆ.

"ಇಲ್ಲೆ ಅಜ್ಜಾ. ನಾಳೆ ಬತ್ತು. ದಿನಾ ಹೀಂಗೇಯ."

"ಅಷ್ಟು ದೊಡ್ಡ ತಪ್ಪು ಮಾಡಿದ್ರೂ?"

"ತಪ್ಪು ಮಾಡ್ತು, ಮರದಿನ ಹೋಗಿ ಸರಿ ಮಾಡ್ತು. ಅದು ಬರದೇ ಹೋದ್ರೆ ಕಾರ್ಟೂನು ಹ್ಯಾಂಗೆ ಆಪ್ದು?"

ನಾಲ್ಕು ದಿನ ಕಳೆದು ಮಾವನ ಕಣ್ಣಿನ ಪಟ್ಟಿ ಬಿಚ್ಚಿದರು, ಬಿಸಿಲಿಗೆ ಕಪ್ಪು ಕನ್ನಡಕ ಕೊಟ್ಟರು. ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತ, "ತ್ಯಾಗಲಿಗೆ ಹೋಪನ" ಎಂದ. ನಾನು ಶಾಲೆಗೆ ಅರ್ಧ ದಿನ ರಜೆ ಹೇಳಿ ಅವನ ಜೊತೆ ಬಸ್ಸು ಹತ್ತಿದೆ.

ಗೌರಕ್ಕನ ಮನೆಯ ಬೇಲಿಯ ಹತ್ತಿರ ಬಂದದ್ದೇ ಮಾವನ ಧೈರ್ಯ ಇಳಿದುಹೋಯಿತು. "ನೀ ಮೊದ್ಲು ಹೋಗಿ ನೋಡ್ಕ ಬಾ. ಸಿಟ್ಟಲ್ಲಿ ಇದ್ದ ಹ್ಯಾಂಗೆ ಹೇಳಿ" ಎಂದು ನನ್ನನ್ನೇ ಬೇಹುಗಾರಿಕೆಗೆ ತಳ್ಳಿದ. ನಾನು ಹೋಗಿ, ದಾರಿ ತಪ್ಪಿ ಬಂದವಳ ಹಾಗೆ ಕುಡಿಯಲು ನೀರು ಕೇಳಿದೆ. ಗೌರಕ್ಕ ಬೆಲ್ಲ, ನೀರು ತಂದಿಟ್ಟು ನನ್ನ ಮುಖವನ್ನೂ ಬೇಲಿಯನ್ನೂ ನೋಡಿದರು.

"ಆಸ್ರಿಗೆ ಕುಡಿ. ಅಲ್ಲ, ಆ ಬಾಳೆಗಿಡದ ಹಿಂದೆ ಕರೀ ಕನ್ನಡಕ ಹಾಕ್ಯಂಡು ನಿಂತಿದ್ದು ಯಂಗ್ಳ ಹಾಸ್ಯಗಾರ ಅಲ್ದಾ? ಹೊಟ್ಟೆ ಪೂರಾ ಕಾಣ್ತಾ ಇದ್ದು."

ಕಾರ್ಟೂನಿನಲ್ಲಿ ಯಾರಿಗೂ ಗುರುತು ಸಿಗುವುದಿಲ್ಲ. ತ್ಯಾಗಲಿಯಲ್ಲಿ ಹಾಗೆ ನಡೆಯುವುದಿಲ್ಲ.

ಮಾವ ಬಂದು ಜಗಲಿಯ ತುದಿಗೆ ಕೂತ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದ. "ಗೌರಕ್ಕಾ, ಅಂದು ಎನ್ನಿಂದ ತಪ್ಪಾತು. ಎಂಗೆ ಗೊತ್ತಿತ್ತಿಲ್ಲೆ."

"ತಪ್ಪು ಹೌದು" ಅಂದರು ಗೌರಕ್ಕ. "ಅರ್ಧಕ್ಕೆ ನಿಲ್ಸಿದ್ದು ತಪ್ಪು. ಎರಡು ತಿಂಗ್ಳು ಎನ್ನೆದ್ರಿಗೆ ಒಬ್ರೂ ಅವರ ಹೆಸರು ಹೇಳಿದ್ವಿಲ್ಲೆ. ನೀ ಕೂಗಿದ್ದು ಕೇಳಿ ಎಂಗೆ ನಗೆ ಬಂದಿತ್ತು. ಎಲ್ಲ ಎನ್ನ ಮುಖ ನೋಡ್ತಾ ಇದ್ದ, ಹ್ಯಾಂಗೆ ನಗದು? ಅದಿರ್ಲಿ. ನೀ ರಾಜ್ಯಕ್ಕೆ ಕಾವಲು ಹೇಳ್ದೆ. ಯಂಗ್ಳ ಮನೆಯವ್ರು ಮನಿಕ್ಯಂಡೇ ಎಂತ ಕಾವಲು ಕಾಯ್ತಿದ್ವು? ಎಂಗೆ ಇಂದಿಗೂ ಗೊತ್ತಾಜಿಲ್ಲೆ."

ಮಾವ ನನ್ನ ಮುಖ ನೋಡಿದ. ಆಮೇಲೆ ನಿಧಾನಕ್ಕೆ ಎದ್ದು, ಶಾಲು ಸೊಂಟಕ್ಕೆ ಬಿಗಿದು, ಅಂಗಳಕ್ಕಿಳಿದು ನಿಂತ. ಅಲ್ಲಿದ್ದ ತುಳಸಿಕಟ್ಟೆಯನ್ನೇ ಮಹಾರಾಜನೆಂದು ಕೈಮುಗಿದ. "ಮಹಾರಾಜಾ, ಶತ್ರು ಸೈನ್ಯ ಗಡಿವರೆಗೂ ಬಂದಿತ್ತು! ತಿಮ್ಮಣ್ಣನ ಗೊರಕೆ ಕೇಳಿ, ಇಲ್ಲಿ ಮೂರು ಹುಲಿ ಇದ್ದು ಹೇಳಿ ಅಲ್ಲಿಂದ್ಲೇ ವಾಪಸ್ ಓಡಿಹೋತು!"

ಗೌರಕ್ಕ ನಕ್ಕರು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲದೆ, ಕಂಬ ಹಿಡಿದುಕೊಂಡು ನಕ್ಕರು. "ಮೂರಲ್ಲ ಮಾರಾಯಾ, ನಾಲ್ಕು ಹುಲಿ" ಎಂದರು. ಕಣ್ಣು ಒರೆಸಿಕೊಳ್ಳುತ್ತ, "ಈಗ ಮನೆ ಪೂರಾ ಸುಮ್ಮಂಗೆ ಇದ್ದು" ಎಂದೂ ಹೇಳಿದರು. ಮಾವ ಹೂಂ ಅಂದ. ಊಟ ಮಾಡಿಸದೆ ಗೌರಕ್ಕ ನಮ್ಮನ್ನು ಬಿಡಲಿಲ್ಲ. ಮುಂದಿನ ಸುಗ್ಗಿಯಲ್ಲಿ ಮಾವ ಮತ್ತೆ ಬಣ್ಣ ಹಚ್ಚಿದ. ಮೊದಲ ಆಟ ಎಕ್ಕಂಬಿಯಲ್ಲಿ. ಬೆಳಗಿನ ಬಸ್ಸಿಗೇ ಹೋಗಿ ಚಾ ಅಂಗಡಿಯಲ್ಲಿ ಕೂತಿದ್ದನಂತೆ.

ಹೋದ ವರ್ಷ ಮಾವ ಹೋದ. ನಿನ್ನೆ ಇಡಗುಂದಿಯಲ್ಲಿ ಅವನ ವರ್ಷಾಂತಿಕ. ಪಂಕ್ತಿಯಲ್ಲಿ ನೆಂಟರೆಲ್ಲ ಕೂತಿದ್ದೆವು. ಬೆಲೆ, ರಸ್ತೆ, ಮಂಗನ ಕಾಟ ಎಲ್ಲ ಮಾತಾಡುತ್ತಿದ್ದವರು ಅತ್ತೆ ಹತ್ತಿರ ಸುಳಿದರೆ ಥಟ್ಟನೆ ಸುಮ್ಮನಾಗುತ್ತಿದ್ದರು. ಮಾವನ ಮನೆಯಲ್ಲಿ ಮಾವನ ಹೆಸರೊಂದನ್ನು ಬಿಟ್ಟು ಎಲ್ಲ ಇತ್ತು. ಒಂದು ವರ್ಷದಿಂದ ನಾನೂ ಹಾಗೇ ಮಾಡಿದ್ದೆ. ಅತ್ತೆಗೆ ಫೋನು ಮಾಡಿದಾಗಲೆಲ್ಲ ಹವಾಮಾನ ವಿಚಾರಿಸಿ ಇಟ್ಟುಬಿಡುತ್ತಿದ್ದೆ. ನನಗೆ ನಾಚಿಕೆಯಾಯಿತು. ಅತ್ತೆ ತಂಬುಳಿ ಬಡಿಸಲು ಬಂದಾಗ ನನ್ನ ಬಾಯಿಂದ ಬಂದೇಬಿಟ್ಟಿತು.

"ಅತ್ತೆ, ಮಾವ ನಾಯಿ ಕಥೆ ಹೇಳ್ತಿದ್ನಲೇ. ಮನೆ ನಾಯಿ ಎರಡು ದಿನ ಅನ್ನ ಮುಟ್ಟಿದ್ದಿಲ್ಲೆ, ದನದ ಡಾಕ್ಟ್ರನ್ನ ಕರ್ಕ ಬಂದ. ನಾಯಿಗೆ ಎಂತ ಹಾಕ್ತ್ರಿ ಹೇಳಿ ಡಾಕ್ಟ್ರು ಕೇಳಿದ್ವಡ. ಎನ್ನ ಹೆಂಡ್ತಿ ಮಾಡಿದ ಅಡುಗೆ ಅಂದ ಮಾವ. ಡಾಕ್ಟ್ರು, ನಾಯಿಗೆ ಎಂತದೂ ಆಜಿಲ್ಲೆ, ಅದ್ನ ದಿನಾ ಉಣ್ತಾ ಇದ್ಯಲಾ, ನಿನ್ನನ್ನೇ ತಪಾಸ್ ಮಾಡಕಾತು ಅಂದ್ವಡ."

ಯಾರೂ ನಗಲಿಲ್ಲ. ಪಂಕ್ತಿಯಲ್ಲಿ ಕೂತವರೆಲ್ಲ ಅತ್ತೆಯ ಮುಖ ನೋಡಿದರು. ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅತ್ತೆ ಸೌಟನ್ನು ತಂಬುಳಿಯ ಪಾತ್ರೆಯಲ್ಲಿ ಊರಿ, ನನ್ನನ್ನು ದಿಟ್ಟಿಸಿ ನೋಡಿದರು.

"ಹಂಗಲ್ದೆ. ಅಲ್ಲಿಗೆ ಮುಗಿಸಿದ್ರೆ ಅದೆಂತ ನಗೆಯೆ? ನಿಂಗೆ ಹೇಳಲೆ ಬತ್ತಿಲ್ಲೆ."

ಪಾತ್ರೆ ಕೆಳಗಿಟ್ಟರು. ಬೆನ್ನು ಹಿಂದಕ್ಕೆ ಬಾಗಿಸಿ, ಹೊಟ್ಟೆ ಮುಂದೆ ಮಾಡಿ, ಒಂದು ಹುಬ್ಬು ಎತ್ತಿ ನಿಂತರು. ನಲವತ್ತೈದು ವರ್ಷ ಜೊತೆಗಿದ್ದ ಹೆಂಗಸಿಗೆ ಮಾವ ಅಷ್ಟು ಸಲೀಸಾಗಿ ಮೈಮೇಲೆ ಬಂದ. ನಾಯಿ ಬಂತು, ಡಾಕ್ಟರು ಬಂದರು, ನಿನ್ನನ್ನೇ ತಪಾಸ್ ಮಾಡಕಾತು ಎಂಬ ಮಾತೂ ಬಂತು. ಅಲ್ಲಿ ಅತ್ತೆ ಬಾಯಿ ಮುಚ್ಚಿ ಎಲ್ಲರನ್ನೂ ಕಾಯಿಸಿದರು. ಆಮೇಲೆ ಎರಡೂ ಕೈಯಲ್ಲಿ ಬಾಳೆಎಲೆ ಹಿಡಿದವರಂತೆ ಮುಂದೆ ಚಾಚಿ, ಮಾವನದೇ ದನಿಯಲ್ಲಿ ಹೇಳಿದರು:

"ಇನ್ನೊಂದು ಸೌಟು ಹಾಕೆ."

ಪಂಕ್ತಿಗೆ ಪಂಕ್ತಿಯೇ ನಕ್ಕಿತು, ಮಂತ್ರ ಹೇಳಿ ದಣಿದಿದ್ದ ಭಟ್ಟರೂ ಸೇರಿ. ಅತ್ತೆ ಎಲ್ಲರಿಗಿಂತ ಕೊನೆಗೆ ನಕ್ಕು, ಪಾತ್ರೆ ಎತ್ತಿಕೊಂಡು ನನ್ನ ಎಲೆಗೆ ತಂಬುಳಿ ಹಾಕಿದರು. ನಾನು ಎರಡು ಸಲ ಬಡಿಸಿಕೊಂಡೆ.