ಹೆಗಲು ಕೊಟ್ಟ ತಂಡ

ಕಿಲ್‌ಡರೀನ್ ಊರಿನಲ್ಲಿ ಫೆಸ್ಟಿ ಮನ್ನಿಯನ್ ಯಾರೆಂದು ಕೇಳಿದವನು ಪರವೂರಿನವನೇ ಇರಬೇಕು. ಹದಿನಾರು ತುಂಬುವ ಹೊತ್ತಿಗೇ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬೊಂದು ಅವನನ್ನು ಕರೆಸಿಕೊಂಡಿತ್ತು. ಎಡಗಡೆ ರಕ್ಷಣೆಗೆ ಅವನು ನಿಂತನೆಂದರೆ ದಾಟಿ ಹೋಗುವುದು ಹುಡುಗಾಟದ ಮಾತಲ್ಲ. ಆದರೆ ಮೊಣಕಾಲು ಕೈಕೊಟ್ಟಿತು. ಊರಿಗೆ ಮರಳಿ ಹಾಲಿನ ಲಾರಿ ಓಡಿಸುತ್ತ, ಅದೇ ಕಾಲಿನಲ್ಲಿ ಊರ ಕ್ಲಬ್ಬಿಗೆ ವರ್ಷಗಟ್ಟಲೆ ಆಡಿದ. ಮ್ಯಾನೇಜರ್ ಆಗಲು ಯಾರೂ ಒಪ್ಪದಿದ್ದಾಗ ಆ ನೊಗಕ್ಕೂ ಕತ್ತು ಕೊಟ್ಟ. ಮೈದಾನಕ್ಕೆ ಗೆರೆ ಎಳೆಯುವವನೂ ಅವನೇ, ಹುಡುಗರ ಅಂಗಿ ಒಗೆಯುವವನೂ ಅವನೇ. ಬಾಯಿ ಮಾತ್ರ ಬಲು ಜೋರು. ಅವನಿಂದ ಬೈಸಿಕೊಳ್ಳದ ಆಟಗಾರ ಆ ಊರಿನಲ್ಲಿಲ್ಲ; ಅದನ್ನು ಎದೆಯುಬ್ಬಿಸಿ ಹೇಳಿಕೊಳ್ಳದವನೂ ಇಲ್ಲ.

ಅಂಥ ತಂಡ ಮೇಲಿನ ದರ್ಜೆಗೆ ಏರಲು ಒಂದೇ ಪಂದ್ಯ ಉಳಿದಿತ್ತು, ಶುಕ್ರವಾರ ಸಂಜೆ. ಬುಧವಾರ ಸುದ್ದಿ ಬಂತು: ತಂಡಕ್ಕೆ ಗೋಲು ಹೊಡೆದುಕೊಡುವ ಟರ್ಲಾ ಫ್ಲಾಹರ್ಟಿಯ ಅಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಮಣ್ಣು ಶುಕ್ರವಾರ ಬೆಳಿಗ್ಗೆ, ಅವರ ದ್ವೀಪದಲ್ಲಿ. ಅಲ್ಲಿ ಹೆಣವನ್ನು ಗಾಡಿಯಲ್ಲಿ ಒಯ್ಯುವ ಪದ್ಧತಿಯಿಲ್ಲ. ದೋಣಿ ಇಳಿದಲ್ಲಿಂದ ಗುಡ್ಡದ ಮೇಲಿನ ಸ್ಮಶಾನದವರೆಗೆ ಶವಪೆಟ್ಟಿಗೆಗೆ ಹೆಗಲು ಕೊಡಬೇಕು, ದಾರಿಯುದ್ದಕ್ಕೂ ಹೆಗಲು ಬದಲಿಸಬೇಕು. ಈಗ ದ್ವೀಪದಲ್ಲಿ ಉಳಿದಿರುವ ಗಂಡಸರೋ, ಕೋಲೂರಿ ನಡೆಯುವವರು.

"ಇಡೀ ತಂಡ ಹೋಗ್ತೀವಿ," ಎಂದ ಫೆಸ್ಟಿ.

ಕ್ಲಬ್ಬಿನ ಅಧ್ಯಕ್ಷ, ಹಾರ್ಡ್‌ವೇರ್ ಅಂಗಡಿಯ ಗಸ್ ಹಾರ್ಕಿನ್, ಕೆಂಡಾಮಂಡಲವಾದ. "ತಲೆಗಿಲೆ ಕೆಟ್ಟಿದೆಯೇನಯ್ಯಾ ನಿಂಗೆ? ಬೆಳಿಗ್ಗೆ ಗುಡ್ಡ ಹತ್ತಿದ ಕಾಲು ಸಂಜೆ ಓಡುತ್ತಾ? ಗಾಳಿ ಎದ್ದು ದೋಣಿ ನಿಂತ್ರೆ ಏನ್ಮಾಡ್ತೀಯ? ಒಂದು ಹೂವಿನ ಹಾರ ಕಳ್ಸು, ಸಾಕು."

"ಹೂವಿನ ಹಾರ ಹೆಣ ಹೊರುತ್ತಾ, ಗಸ್?"

"ಸೋತ್ರೆ ಸೋಮವಾರದಿಂದ ಈ ಕಡೆ ತಲೆ ಹಾಕ್ಬೇಡ."

"ಆಗ್ಲಿ."

ಆಗಲಿ ಎಂದನೇನೋ ಸರಿ. ಈ ಕ್ಲಬ್ಬು ಬಿಟ್ಟರೆ ಅವನಿಗೆ ಇನ್ನೇನಿತ್ತು? ಆದರೆ ಅವನು ಇಂಗ್ಲೆಂಡಿನಲ್ಲಿದ್ದಾಗ ಅವನಪ್ಪ ಸತ್ತಿದ್ದ. ಶನಿವಾರ ಪಂದ್ಯವಿದೆ ಎಂದು ಅಲ್ಲಿನ ಮ್ಯಾನೇಜರ್ ಊರಿಗೆ ಕಳಿಸಲಿಲ್ಲ. ಆ ಪಂದ್ಯ ಗೆದ್ದರು. ಯಾರ ಮೇಲೆ ಗೆದ್ದೆವೆಂಬುದು ಫೆಸ್ಟಿಗೆ ನೆನಪಿಲ್ಲ. ಅಪ್ಪನಿಗೆ ಹೆಗಲು ಕೊಡಲಿಲ್ಲ ಎಂಬುದನ್ನು ಅವನು ಒಂದು ದಿನವೂ ಮರೆತಿಲ್ಲ.

ಶುಕ್ರವಾರ ಹುಡುಗರು ಕ್ಲಬ್ಬಿನ ಹಸಿರು ಅಂಗಿ ತೊಟ್ಟು ದೋಣಿ ಹತ್ತಿದರು. ಏರಿನಲ್ಲಿ ಸರದಿಯ ಮೇಲೆ ಹೊತ್ತರು. ಎತ್ತರ ಹೊಂದದೆ ಪೆಟ್ಟಿಗೆ ಒಂದು ಕಡೆ ವಾಲಿದಾಗ ಫೆಸ್ಟಿ ಉದ್ದನೆಯ ಗೋಲ್‌ಕೀಪರನ ಕಿವಿಯಲ್ಲಿ, "ಏಯ್ ಒಂಟೆ, ಮಂಡಿ ಬಗ್ಸೋ," ಎಂದು ಗದರಿದ. ಅಳುತ್ತ ನಡೆಯುತ್ತಿದ್ದ ಟರ್ಲಾನೂ ನಕ್ಕುಬಿಟ್ಟ. ಮಣ್ಣಾಗಿ, ಚಹಾ ಕುಡಿದು ಎಲ್ಲರೂ ದೋಣಿಯ ಕಡೆ ಹೊರಟಾಗ ಟರ್ಲಾನೂ ಆಡಲೆಂದು ಜೊತೆಗೆ ಬಂದ.

"ನೀನೆಲ್ಲಿಗೋ? ಹೋಗಿ ನಿಮ್ಮಮ್ಮನ ಹತ್ರ ಕೂತ್ಕೋ," ಎಂದು ಫೆಸ್ಟಿ ಅವನನ್ನು ಮನೆಗಟ್ಟಿದ.

ಸಂಜೆ ಹುಡುಗರು ಜೀವ ಬಿಟ್ಟು ಆಡಿದರು. ಇನ್ನೇನು ಸೀಟಿ ಊದಬೇಕು ಎನ್ನುವಾಗ ಒಬ್ಬನ ಕಾಲು ಸೋತಿತು, ಎದುರಾಳಿ ಮುನ್ನುಗ್ಗಿದ, ಚೆಂಡು ಬಲೆಯೊಳಗೆ. ಪಂದ್ಯ ಮುಗಿದ ಮೇಲೆ ಗಸ್ ಕೈ ಚಾಚಿದ. ಫೆಸ್ಟಿ ಮೈದಾನದ ಬೀಗದ ಕೈ ಅವನ ಅಂಗೈಯಲ್ಲಿಟ್ಟ.

ಅಷ್ಟರಲ್ಲಿ ಫೋನು ಬಂತು. ಟರ್ಲಾನ ತಾಯಿ ಬ್ರೀಜ್.

"ಆಟ ಏನಾಯ್ತಪ್ಪಾ?"

"ಸೋತ್ವಮ್ಮಾ."

"ಅಯ್ಯೋ, ನಾನಾಗ್ಲೇ ಗುಡ್ಡ ಹತ್ತಿ, 'ನಿಮ್ಮನ್ನ ಹೊತ್ಕೊಂಡು ಬಂದ ಹುಡುಗ್ರು ಗೆದ್ರು' ಅಂತ ಅವರಿಗೆ ಹೇಳ್ಬಿಟ್ಟೆನಲ್ಲಪ್ಪಾ." ಮರುಕ್ಷಣವೇ, "ಹೋಗ್ಲಿ ಬಿಡು. ಹೇಳಿದ್ದು ಹೇಳಾಯ್ತು. ನಾನಂತೂ ತಿದ್ದಕ್ಕೆ ಹೋಗಲ್ಲ," ಎಂದಳು.

ಫೆಸ್ಟಿ ಒಳಗೆ ಹೋದ. ಹುಡುಗರು ತಲೆ ಬಗ್ಗಿಸಿ ಕೂತಿದ್ದರು. ಹುಟ್ಟಿದಂದಿನಿಂದ ಅಷ್ಟು ಹೆಮ್ಮೆ ಅವನಿಗೆ ಯಾವತ್ತೂ ಆಗಿರಲಿಲ್ಲ.

"ತಲೆ ಎತ್ರೋ," ಎಂದ. "ದ್ವೀಪದಲ್ಲಿ ನೀವು ಗೆದ್ದಿದ್ದೀರಂತೆ."